ಕೊಟ್ಟವರ ಹೆಸರು ಬೋರ್ಡಿಗೆ, ತಗೊಂಡವರ ಫೋಟೊ ಗ್ರೂಪಿಗೆ? ಥಾಣೆಯ ಯಹೂದಿಗಳು ಇದನ್ನೆಲ್ಲ ಹೇಗೆ ನಡೆಸುತ್ತಾರೆ?

ಥಾಣೆಕರ್

ಒಂದು ವಿಷಯಕ್ಕೆ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ಇಲ್ಲಿ ನಮ್ಮದೊಂದು ಪುಟ್ಟ ಕನ್ನಡ ಸಂಘ ಇದೆ. ರಾಜ್ಯೋತ್ಸವ, ಗಣಪತಿ, ವರ್ಷಕ್ಕೊಂದು ಯಕ್ಷಗಾನ, ಇಷ್ಟೇ ಕಾರುಬಾರು. ಈಚೆಗೆ ಒಂದು ಸಹಾಯ ನಿಧಿ ಶುರು ಮಾಡಿದೆವು. ಹೋಟೆಲ್ ಹುಡುಗರ ಆಸ್ಪತ್ರೆ ಬಿಲ್ಲು, ಮಕ್ಕಳ ಫೀಸು, ಇಂಥದ್ದಕ್ಕೆ. ಗಂಡನನ್ನು ಕಳೆದುಕೊಂಡ ಒಬ್ಬರಿಗೆ ಮಗಳ ಫೀಸಿನ ಚೆಕ್ ಕೊಟ್ಟೆವು. ನಮ್ಮ ಪದಾಧಿಕಾರಿಯೊಬ್ಬರು ಚೆಕ್ ಕೊಡುವ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಆ ಹುಡುಗಿಯ ಗೆಳತಿಯರ ಅಮ್ಮಂದಿರೆಲ್ಲ ಅದೇ ಗ್ರೂಪಿನಲ್ಲಿದ್ದಾರೆ! ಮರುದಿನ ಆಕೆ ಗ್ರೂಪು ಬಿಟ್ಟರು. ಈಗ ಸಮಿತಿ ಎರಡು ಭಾಗ. ಫೋಟೊ ಹಾಕದಿದ್ದರೆ ದುಡ್ಡು ಕೊಟ್ಟವರು ಕೇಳುತ್ತಾರೆ ಅಂತ ಒಂದು ಪಾರ್ಟಿ, ನಾಚಿಕೆ ಆಗಬೇಕು ನಮಗೆ ಅಂತ ಇನ್ನೊಂದು.

ಇದನ್ನು ಆಫೀಸಿನಲ್ಲಿ ಹೇಳಿಕೊಂಡೆ. ನನ್ನ ಪಕ್ಕದಲ್ಲಿ ಕೂರುವವರು ಬೆನೆ ಇಸ್ರೇಲ್ ಯಹೂದಿ. ಅವರ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಇಲ್ಲೇ ಥಾಣೆಯಲ್ಲಿದೆ, ಶಾರ್ ಹಶಮಯೀಮ್, 1879ರದ್ದು. ನಮ್ಮಲ್ಲಿ ಯಾರಿಗೆ ಕೊಟ್ಟರು ಅಂತ ಸದಸ್ಯರು ಕೇಳೋದೇ ಇಲ್ಲ, ಅದಕ್ಕೆ ಹಳೇ ಕಾಲದಿಂದ ಕಟ್ಟುನಿಟ್ಟು ಇದೆ ಅಂದರು. ಏನು ಕಟ್ಟುನಿಟ್ಟು ಅಂದರೆ ಅವರಿಗೂ ಪೂರ್ತಿ ವಿವರಿಸಲು ಆಗಲಿಲ್ಲ. ಇಷ್ಟು ಸಣ್ಣ ಸಮುದಾಯ, ಎಲ್ಲರಿಗೂ ಎಲ್ಲರೂ ಗೊತ್ತು. ಗುಟ್ಟು ಹೇಗೆ ಉಳಿಯುತ್ತೆ? ಲೆಕ್ಕ ಯಾರು ಕೇಳುತ್ತಾರೆ? ಗೊತ್ತಿದ್ದವರು ಹೇಳಿ.

ತಲೆಹರಟೆ

ನಮ್ಮೂರ ದೇವಸ್ಥಾನದಲ್ಲಿ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಎಷ್ಟು ದಪ್ಪ ಬರೆದಿದ್ದಾರೆ ಅಂದರೆ ಬೆಳಕೇ ಬರಲ್ಲ. ನಿಮ್ಮದು ಏನೂ ಅಲ್ಲ ಬಿಡಿ.

ಬೊರಿವಲಿ ಲೋಕಲ್

ಅವರಿಗೂ ನಮಗೂ ಹೋಲಿಕೆಯೇ ತಪ್ಪು. ಯಹೂದಿಗಳು ದುಡ್ಡಿದ್ದವರು. ಸಸೂನ್ ಡಾಕ್, ಸಸೂನ್ ಲೈಬ್ರರಿ, ಪುಣೆಯ ಸಸೂನ್ ಆಸ್ಪತ್ರೆ, ಎಲ್ಲ ಅವರದೇ. ಕೋಟಿ ಇದ್ದವನು ಗುಟ್ಟಾಗಿ ಕೊಟ್ಟರೂ ನಡೆಯುತ್ತೆ, ತಮಟೆ ಹೊಡೆದು ಕೊಟ್ಟರೂ ನಡೆಯುತ್ತೆ. ನಿಮ್ಮದು ತಿಂಗಳಿಗೆ ಇನ್ನೂರು ರೂಪಾಯಿ ಚಂದಾ ಎತ್ತುವ ಸಂಘ.

ಪುಸ್ತಕದ ಹುಳ

ಲೋಕಲ್ ಅವರೇ, ನಿಮ್ಮ ಗಾಡಿ ತಪ್ಪು ಪ್ಲಾಟ್‌ಫಾರಂಗೆ ಬಂತು. ಸಸೂನ್ ಮನೆತನದವರು ಬಾಗ್ದಾದಿ ಯಹೂದಿಗಳು. ಡೇವಿಡ್ ಸಸೂನ್ ಮುಂಬೈಗೆ ಬಂದದ್ದು 1832ರ ಹೊತ್ತಿಗೆ. ಥಾಣೆಕರ್ ಹೇಳುತ್ತಿರುವುದು ಬೆನೆ ಇಸ್ರೇಲ್ ಬಗ್ಗೆ. ಅವರು ಅದಕ್ಕಿಂತ ಬಹಳ ಹಿಂದಿನಿಂದ ಕೊಂಕಣದ ಹಳ್ಳಿಗಳಲ್ಲಿದ್ದವರು. ಗಾಣದಲ್ಲಿ ಎಣ್ಣೆ ತೆಗೆಯುವ ಕಸುಬು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೆ ಸುತ್ತಲಿನವರು 'ಶನಿವಾರ್ ತೇಲಿ' ಅಂತಲೇ ಕರೆಯುತ್ತಿದ್ದರು. ಮನೆಮಾತು ಮರಾಠಿ. ಆಮೇಲೆ ಮುಂಬೈಗೆ ಬಂದು ಸೈನ್ಯ, ರೈಲ್ವೆ, ಗುಮಾಸ್ತಿಕೆ, ನರ್ಸಿಂಗ್ ಅಂತ ಸೇರಿಕೊಂಡರು. ನಮ್ಮ ನಿಮ್ಮ ಹಾಗೆ ಸಂಬಳದ ಜನ. 1948ರ ಹೊತ್ತಿಗೆ 20,000ದಷ್ಟು ಇದ್ದರು. ಬಹಳ ಜನ ಇಸ್ರೇಲಿಗೆ ಹೋದರು. ಈಗ ದೇಶದಲ್ಲಿ ಉಳಿದವರು 4,000-5,000, ಜಾಸ್ತಿ ಮಂದಿ ಮುಂಬೈ, ಥಾಣೆ ಕಡೆಯೇ.

ಇನ್ನು ಥಾಣೆಕರ್ ಕೇಳಿದ ಕಟ್ಟುನಿಟ್ಟು. ಅದು ಬೆನೆ ಇಸ್ರೇಲ್ ಒಬ್ಬರದ್ದಲ್ಲ, ಎಲ್ಲ ಯಹೂದಿಗಳಿಗೂ ಮೂಲ ಒಂದೇ. ಸುಮಾರು 1,800 ವರ್ಷದ ಹಿಂದೆ ಬರೆದಿಟ್ಟ ಮಿಶ್ನಾ ಅನ್ನುವ ಅವರ ಶಾಸ್ತ್ರಗ್ರಂಥದಲ್ಲಿದೆ. ಊರಿನ ನಿಧಿಗೆ ಕುಪ್ಪಾ ಅಂತ ಹೆಸರು. ಅದನ್ನು ಎತ್ತೋದಕ್ಕೆ ಕನಿಷ್ಠ ಇಬ್ಬರು ಒಟ್ಟಿಗೆ ಹೋಗಬೇಕು. ಹಂಚೋದಕ್ಕೆ ಮೂವರು ಕೂತು ತೀರ್ಮಾನ ಮಾಡಬೇಕು. ಇಬ್ಬರು ಯಾಕೆ? ದುಡ್ಡಿನ ವಿಷಯದಲ್ಲಿ ಊರಿನ ಮೇಲೆ ಒಬ್ಬನದೇ ಅಧಿಕಾರ ನಡೆಯಬಾರದು. ಮೂವರು ಯಾಕೆ? ಯಾರಿಗೆ ಎಷ್ಟು ಅನ್ನೋದು ನ್ಯಾಯ ತೀರ್ಮಾನ, ಮೂವರ ಪಂಚಾಯಿತಿ ಬೇಕು. ಆ ಮೂವರಿಗೆ ಬಿಟ್ಟು ನಾಲ್ಕನೆಯವರಿಗೆ ಹೆಸರು ಹೋಗುವ ಅಗತ್ಯವೇ ಇಲ್ಲ.

ಥಾಣೆಕರ್

ಇದು ನನಗೆ ಬೇಕಾಗಿದ್ದದ್ದು. ಆದರೆ ಆ ಮೂವರೇ ಕಳ್ಳರಾದರೆ?

ಲೆಕ್ಕಪತ್ರ

ಅದಕ್ಕೇ ಆಡಿಟ್ ಇರೋದು. ನಾನು ಮುಂಬೈನಲ್ಲಿ ಇಂಥ ಸಣ್ಣ ಟ್ರಸ್ಟುಗಳ ಲೆಕ್ಕ ನೋಡುವವನು. ಮಹಾರಾಷ್ಟ್ರದಲ್ಲಿ ಸಿನಗಾಗ್ ಇರಲಿ, ದೇವಸ್ಥಾನ ಇರಲಿ, ಟ್ರಸ್ಟ್ ಅಂದ ಮೇಲೆ ಚಾರಿಟಿ ಕಮಿಷನರ್ ಕಚೇರಿಗೆ ಲೆಕ್ಕ ಹೋಗಬೇಕು. 1950ರ ಕಾನೂನು. ಆಡಿಟರ್ ವೌಚರ್ ನೋಡುತ್ತಾನೆ, ಹೆಸರು ನೋಡುತ್ತಾನೆ. ಸದಸ್ಯರ ಸಭೆಯಲ್ಲಿ ಒಟ್ಟು ಮೊತ್ತ ಓದಿದರೆ ಸಾಕು: ವೈದ್ಯಕೀಯ ಇಷ್ಟು, ಶಿಕ್ಷಣ ಇಷ್ಟು. ಫೋಟೊ ಯಾವ ಕಾನೂನಿನಲ್ಲೂ ಇಲ್ಲ. ನಿಮ್ಮ ಪದಾಧಿಕಾರಿಗೆ ಇದನ್ನೇ ಹೇಳಿ.

ಒಂದು ತಮಾಷೆ ಕೇಳಿ. ಕೊಟ್ಟವರ ಹೆಸರೂ ಬೇಡ, ಗುಪ್ತದಾನ ಅಂತ ಹೊರಟರೆ ಆದಾಯ ತೆರಿಗೆಯವರು ಹಿಡಿದುಕೊಳ್ಳುತ್ತಾರೆ. ಬರೀ ಧಾರ್ಮಿಕ ಟ್ರಸ್ಟಿಗೆ ವಿನಾಯಿತಿ ಇದೆ. ಆದರೆ ಶಾಲೆ, ಆಸ್ಪತ್ರೆ ಸಹಾಯ ಅಂತ ಮಾಡುವ ಟ್ರಸ್ಟಿಗೆ ಹೆಸರಿಲ್ಲದ ದುಡ್ಡು ಒಂದು ಮಿತಿ ದಾಟಿದರೆ 30 ಪರ್ಸೆಂಟ್ ತೆರಿಗೆ. ಹಾಗಾಗಿ ರಸೀದಿ ಪುಸ್ತಕದಲ್ಲಿ ಹೆಸರು ಇರಲಿ, ಬೋರ್ಡಿನಲ್ಲಿ ಬೇಡ.

ಸುಮ್ನೆ ಓದೋನು

ಗುಪ್ತದಾನಕ್ಕೂ ಟ್ಯಾಕ್ಸಾ 😀 ದೇವರೇ ಗತಿ.

ಎಡಿಸನ್ ಅಕ್ಕ

ನಾನು ನ್ಯೂಜೆರ್ಸಿಯಲ್ಲಿ ಬಹಳ ವರ್ಷದಿಂದ ಇದ್ದೇನೆ. ನಮ್ಮ ಬೀದಿಯ ತುದಿಗೆ ಒಂದು ಚಿಕ್ಕ ಸಿನಗಾಗ್. ವಯಸ್ಸಾದವರೇ ಜಾಸ್ತಿ. ಪ್ರಾರ್ಥನೆಗೆ ಹತ್ತು ಜನ ಬೇಕು, ಮಿನ್ಯಾನ್ ಅನ್ನುತ್ತಾರೆ. ಕೆಲವು ಬೆಳಿಗ್ಗೆ ಒಂಬತ್ತು ಜನ ಕೂತು ಹತ್ತನೆಯವರಿಗೆ ಫೋನ್ ಮಾಡುತ್ತಿರುತ್ತಾರೆ.

ಅವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಯೋಮ್ ಕಿಪ್ಪೂರ್ ಅವರಿಗೆ ವರ್ಷದ ದೊಡ್ಡ ದಿನ. ಆವತ್ತು ಉಪವಾಸ, ಇಡೀ ಊರೇ ಬಂದಿರುತ್ತೆ, ದೇಣಿಗೆ ಕೇಳೋದಕ್ಕೆ ಅದೇ ಸಮಯ. ಆದರೆ ಆವತ್ತು ದುಡ್ಡು ಮುಟ್ಟೋ ಹಾಗಿಲ್ಲ, ಪೆನ್ನು ಹಿಡಿದು ಬರೆಯೋ ಹಾಗೂ ಇಲ್ಲ. ಅದಕ್ಕೆ ಪ್ರತಿ ಕುರ್ಚಿಯ ಮೇಲೆ ಒಂದು ಕಾರ್ಡ್ ಇಟ್ಟಿರುತ್ತಾರೆ. ಕಾರ್ಡಿನ ಅಂಚಿಗೆ ಸಾಲಾಗಿ ಪುಟ್ಟ ಪುಟ್ಟ ಕಿವಿ, ಒಂದೊಂದರ ಮೇಲೆ ಒಂದೊಂದು ಮೊತ್ತ ಅಚ್ಚಾಗಿದೆ. ನೀವು ಕೊಡುವ ಮೊತ್ತದ ಕಿವಿ ಮಡಚಿ ಹಾಗೇ ಕೊಟ್ಟುಬಿಡಬೇಕು. ಪಕ್ಕದಲ್ಲಿ ಕೂತವರಿಗೂ ಕಾಣಲ್ಲ. ಹಬ್ಬ ಮುಗಿದ ಮೇಲೆ ಮನೆಗೆ ಬಿಲ್ಲು ಬರುತ್ತೆ. ನೆರೆಯವರ ಜೊತೆ ಹೋದಾಗ ನಾನೂ ಒಂದು ಮಡಚಿದೆ.

ತಲೆಹರಟೆ

ಅಕ್ಕಾ, ಕೂತಲ್ಲೇ ಕೈ ಜಾರಿ ಎರಡು ಕಿವಿ ಮಡಚಿಕೊಂಡರೆ?

ಎಡಿಸನ್ ಅಕ್ಕ

ಎರಡೂ ಕೊಡಬೇಕಾಗುತ್ತೆ. ನಮ್ಮ ನೆರೆಮನೆ ಯಜಮಾನರು ಒಮ್ಮೆ ಕಟ್ಟಿದ್ದಾರೆ!

ಬೊರಿವಲಿ ಲೋಕಲ್

ಸರಿ, ಬೆನೆ ಇಸ್ರೇಲ್ ಬೇರೆ ಅಂತ ಒಪ್ಪಿದೆ. ಆದರೆ ಯಹೂದಿಗಳು ಹೆಸರು ಹಾಕಿಸಿಕೊಳ್ಳಲ್ಲ ಅನ್ನೋದನ್ನು ಒಪ್ಪಲ್ಲ. ಮುಂಬೈ, ಪುಣೆಯಲ್ಲಿ ಅರ್ಧ ಕಟ್ಟಡಕ್ಕೆ ಸಸೂನ್ ಹೆಸರಿದೆ. ಬಹಳ ಸಿನಗಾಗ್‌ಗಳಲ್ಲಿ ಗ್ರಂಥದ ಪೆಟ್ಟಿಗೆ ತೆರೆಯುವ ಗೌರವವನ್ನು ಹರಾಜು ಹಾಕುತ್ತಾರೆ. ನಮ್ಮ ಜಾತ್ರೆಯಲ್ಲಿ ಸವಾಲು ಕೂಗಿದ ಹಾಗೇ ಜೋರಾಗಿ ಕೂಗುತ್ತಾರೆ. ಇದರಲ್ಲಿ ಗುಟ್ಟು ಎಲ್ಲಿ ಬಂತು?

ಪುಸ್ತಕದ ಹುಳ

ಹರಾಜಿನ ಮಾತು ನಿಜ. ಆದರೆ ಎರಡನ್ನೂ ಬೇರೆ ಮಾಡಿ ನೋಡಿ. ಕೊಡುವವನು ಮೆರೆದರೆ ಮೆರೆಯಲಿ, ಅದು ಅವನ ಜಂಬ. ಅವರ ಶಾಸ್ತ್ರ ತಲೆ ಕೆಡಿಸಿಕೊಂಡಿರುವುದು ತಗೊಳ್ಳುವವನ ಮುಖದ ಬಗ್ಗೆ.

12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಮೈಮೊನಿಡೀಸ್ ಅನ್ನುವ ವೈದ್ಯ, ಪಂಡಿತ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ತೀರಾ ಕೆಳಗಿನದು ಮುಖ ಸಿಂಡರಿಸಿಕೊಂಡು ಕೊಡೋದು. ಮೇಲಿನಿಂದ ಎರಡನೆಯದು, ಕೊಟ್ಟವನಿಗೆ ಯಾರಿಗೆ ಹೋಯಿತು ಅಂತ ಗೊತ್ತಿಲ್ಲ, ತಗೊಂಡವನಿಗೆ ಯಾರು ಕೊಟ್ಟರು ಅಂತ ಗೊತ್ತಿಲ್ಲ. ಅದಕ್ಕಿಂತ ಮೇಲಿನದು ದಾನವೇ ಅಲ್ಲ: ಸಾಲ ಕೊಡು, ಪಾಲುದಾರಿಕೆ ಕೊಡು, ಕೆಲಸ ಕೊಡು, ಮತ್ತೆ ಅವನು ಕೈ ಚಾಚದ ಹಾಗೆ ಮಾಡು. ಜೆರುಸಲೇಮಿನ ಹಳೇ ಮಂದಿರದಲ್ಲಿ ಇದಕ್ಕೆ ಒಂದು ಕೋಣೆಯೇ ಇತ್ತಂತೆ. ಕೊಡುವವರು ಒಳಗೆ ಹೋಗಿ ಗುಟ್ಟಾಗಿ ಇಟ್ಟು ಬರುತ್ತಿದ್ದರು. ಚೆನ್ನಾಗಿ ಬಾಳಿ ಕೆಟ್ಟ ಮನೆಯವರು ಒಳಗೆ ಹೋಗಿ ಗುಟ್ಟಾಗಿ ತಗೊಂಡು ಬರುತ್ತಿದ್ದರು. ಹೊರಗೆ ನಿಂತವನಿಗೆ ಯಾರು ಇಡಲು ಹೋದರು, ಯಾರು ತಗೊಳ್ಳಲು ಹೋದರು ಅಂತ ತಿಳಿಯುವ ಹಾಗಿಲ್ಲ.

ಮಲ್ಲಿಗೆ ಮೊಗ್ಗು

ಈ ಗುಟ್ಟು ಗುಟ್ಟು ಅಂತ ಗಂಡಸರು ಬಹಳ ದೊಡ್ಡದು ಮಾಡುತ್ತೀರಿ. ಅವರ ಶಾಸ್ತ್ರಗ್ರಂಥ ತಾಲ್ಮುದ್‌ನಲ್ಲೇ ಇದಕ್ಕೆ ಉತ್ತರ ಕೊಡುವ ಕತೆ ಇದೆ. ಮಾರ್ ಉಕ್ವಾ ಅಂತ ಒಬ್ಬ. ಪಕ್ಕದ ಬಡವನ ಬಾಗಿಲ ಸಂದಿಯಲ್ಲಿ ದಿನಾ ನಾಲ್ಕು ನಾಣ್ಯ ಇಟ್ಟು ಹೋಗುತ್ತಿದ್ದ. ಯಾರಪ್ಪಾ ಇದು ಅಂತ ಬಡವನಿಗೆ ಕುತೂಹಲ, ಒಂದು ದಿನ ಕಾದು ಕೂತ. ಆವತ್ತು ಉಕ್ವಾ ಜೊತೆ ಹೆಂಡತಿಯೂ ಇದ್ದಳು. ಬಾಗಿಲು ಅಲುಗಿದ ಕೂಡಲೇ ಬಡವ ಹೊರಗೆ ಬಂದ. ಗಂಡ ಹೆಂಡತಿ ಓಡಿ ಹೋಗಿ ಒಂದು ಒಲೆಗೂಡಿನೊಳಗೆ ಅಡಗಿದರು. ಬೆಂಕಿ ಆಗಷ್ಟೇ ಗುಡಿಸಿದ್ದರು, ನೆಲ ಇನ್ನೂ ಸುಡುತ್ತಿತ್ತು. ಉಕ್ವಾನ ಕಾಲು ಸುಟ್ಟಿತು, ಹೆಂಡತಿಯ ಕಾಲಿಗೆ ಏನೂ ಆಗಲಿಲ್ಲ. ನನ್ನ ಪಾದದ ಮೇಲೆ ನಿನ್ನ ಪಾದ ಇಡು ಅಂದಳು. ಅವನಿಗೆ ಬೇಜಾರು. ಆಗ ಅವಳು ಹೇಳಿದಳು: ನಾನು ಮನೆಯಲ್ಲಿರುವವಳು, ನಾನು ಕೊಡೋದು ಆಗಲೇ ತಿನ್ನೋ ಊಟ. ನಿನ್ನ ದುಡ್ಡು ಹಿಡಿದು ಅವನು ಇನ್ನೂ ಅಂಗಡಿಗೆ ಹೋಗಬೇಕು.

ಥಾಣೆಕರ್, ಆ ಮಗಳ ಫೀಸು ಕಟ್ಟಿದಿರಿ. ಸಮಿತಿಯಿಂದ ಯಾರಾದರೂ ಅವರ ಮನೆಗೆ ಹೋಗಿ ಊಟ ಆಯಿತಾ ಅಂತ ಕೇಳಿದಿರಾ?

ಥಾಣೆಕರ್

ನನ್ನ ಹೆಂಡತಿ ಹೋಗಿ ಬಂದಳು. ಸಮಿತಿಯಿಂದ ಯಾರೂ ಹೋಗಿಲ್ಲ.

ಕಲಬುರಗಿ ತೊಗರಿ

ವಿಷಯ ಬಿಟ್ಟು ಮಾತು. ಬೆನೆ ಇಸ್ರೇಲ್ ಅವರ ಮನೆಯಲ್ಲಿ ಮಲೀದಾ ಅಂತ ಮಾಡುತ್ತಾರಂತೆ? ನಮ್ಮ ಕಡೆ ಉರುಸಿನಲ್ಲಿ, ಮೊಹರಮ್ಮಿನಲ್ಲಿ ಮಲೀದಾ ಇದ್ದೇ ಇರುತ್ತೆ. ಗೋಧಿ ರೊಟ್ಟಿ ಪುಡಿ ಮಾಡಿ ಬೆಲ್ಲ ಹಾಕಿ.

ಥಾಣೆಕರ್

ಹೌದು, ಮಾಡುತ್ತಾರೆ. ಅವರದು ಅವಲಕ್ಕಿ. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಗೋಡಂಬಿ, ಸುತ್ತ ಹಣ್ಣುಗಳು. ಮದುವೆ, ಹೊಸ ಮನೆ, ಹರಕೆ ತೀರಿದ್ದು, ಎಲ್ಲಕ್ಕೂ ಪ್ರವಾದಿ ಎಲಿಯಾಹು ಹೆಸರಿನಲ್ಲಿ ಇದನ್ನು ಮಾಡುತ್ತಾರೆ. ನಮ್ಮ ಆಫೀಸಿಗೂ ಡಬ್ಬಿಯಲ್ಲಿ ಬರುತ್ತೆ. ನಮ್ಮ ಮನೆಯ ಪಂಚಕಜ್ಜಾಯದಷ್ಟೇ ಬೇಗ ಖಾಲಿ.

ಲೆಕ್ಕಪತ್ರ

ಅವಲಕ್ಕಿ ಬದಿಗಿಡಿ. ಸಣ್ಣ ನಿಧಿಗೆ ನಿಜವಾದ ತಲೆನೋವು ಬೇರೆ. ಸುಳ್ಳು ಹೇಳಿ ತಗೊಳ್ಳುವವರು. ಮೂರು ಸಂಘದಲ್ಲಿ ಒಂದೇ ಬಿಲ್ಲು ತೋರಿಸಿ ಮೂರು ಸಲ ದುಡ್ಡು ತಗೊಂಡವರನ್ನು ನಾನೇ ನೋಡಿದ್ದೇನೆ. ಇದಕ್ಕೆ ಅವರಲ್ಲಿ ಏನು ಹೇಳಿದೆ?

ಪುಸ್ತಕದ ಹುಳ

ಅದಕ್ಕೂ ಹೇಳಿದೆ, ಬಹಳ ವ್ಯಾವಹಾರಿಕವಾಗಿ. ಬಟ್ಟೆ ಕೇಳಿದವನನ್ನು ವಿಚಾರಿಸು, ಊಟ ಕೇಳಿದವನನ್ನು ವಿಚಾರಿಸಬೇಡ. ಹಸಿದವನು ನಿಮ್ಮ ತನಿಖೆ ಮುಗಿಯೋ ತನಕ ಕಾಯಲಾರ.

ತಗೊಳ್ಳುವವನಿಗೂ ಗೆರೆ ಹಾಕಿದ್ದಾರೆ. ಹಳೇ ಕಾಲದಲ್ಲಿ ಎರಡು ವ್ಯವಸ್ಥೆ ಇತ್ತು. ತಮ್ಹುಯ್ ಅಂದರೆ ದಿನಾ ಊಟ ಹಂಚೋದು. ಕುಪ್ಪಾ ಅಂದರೆ ಶುಕ್ರವಾರ ಶುಕ್ರವಾರ ವಾರಕ್ಕಾಗುವಷ್ಟು ಕೊಡೋದು. ಮನೆಯಲ್ಲಿ ಎರಡು ಹೊತ್ತಿನ ಊಟ ಇದ್ದವನು ತಮ್ಹುಯ್‌ಗೆ ಬರಬಾರದು. 14 ಹೊತ್ತಿಗೆ ಆಗುವಷ್ಟು ಇದ್ದವನು ಕುಪ್ಪಾಕ್ಕೆ ಬರಬಾರದು. ಆಗ ದಿನಕ್ಕೆ ಎರಡೇ ಊಟ, 14 ಅಂದರೆ ಒಂದು ವಾರ. ಇನ್ನೊಂದು ಸೇರಿಸಿಕೊಳ್ಳಿ. ದಾನದಲ್ಲಿ ಬದುಕುವವನೂ ತನಗೆ ಬಂದದ್ದರಲ್ಲಿ ಸ್ವಲ್ಪ ದಾನ ಮಾಡಬೇಕು. ಅವನಿಗೂ ಬಿಟ್ಟಿಲ್ಲ.

ಸುಮ್ನೆ ಓದೋನು

ಕೊನೇದು ಅರ್ಥ ಆಗಲಿಲ್ಲ. ಬಡವನ ಹತ್ತಿರವೂ ಕಿತ್ತುಕೊಳ್ಳೋದಾ?

ಎಡಿಸನ್ ಅಕ್ಕ

ಕಿತ್ತುಕೊಳ್ಳೋದಲ್ಲ. ಬರೀ ತಗೊಳ್ಳುವವನಾಗಿ ಯಾರನ್ನೂ ಇಡಬಾರದು ಅಂತ. ಇಲ್ಲಿಯ ಸಿನಗಾಗ್ ಹಿಂಭಾಗದಲ್ಲಿ ದಿನಸಿ ಹಂಚುವ ಜಾಗ ಇದೆ. ಯಹೂದಿಗಳಿಗೇ ಅಂತಲ್ಲ, ಯಾರು ಬೇಕಾದರೂ ಬರಬಹುದು. ಅಲ್ಲಿ ಡಬ್ಬಿ ಜೋಡಿಸುವ ಕೆಲಸಕ್ಕೆ ನಿಂತವರಲ್ಲಿ ಕೆಲವರು ಅಲ್ಲಿಂದಲೇ ದಿನಸಿ ಒಯ್ಯುವವರು. ಯಾರು ಯಾವುದು ಅಂತ ನಾನು ಈವರೆಗೂ ಕೇಳಿಲ್ಲ.

ಡಿಸೆಂಬರ್ 25ರಂದು ಇನ್ನೊಂದು ಕೆಲಸ ಮಾಡುತ್ತಾರೆ. ಅಮೆರಿಕದಲ್ಲಿ ಬಹಳ ಕಡೆ ಇದು ರೂಢಿ. ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಸ್ವಯಂಸೇವಕರ ಪಾಳಿಗೆ ಯಹೂದಿಗಳು ನಿಂತುಕೊಳ್ಳುತ್ತಾರೆ, ಕ್ರೈಸ್ತರು ಮನೆಯಲ್ಲಿ ಹಬ್ಬ ಮಾಡಲಿ ಅಂತ. ನಮ್ಮ ಬೀದಿಯ ಅಜ್ಜ ಒಬ್ಬರು 80 ದಾಟಿದ ಮೇಲೂ ಆವತ್ತು ಊಟದ ತಟ್ಟೆ ಹಂಚಲು ಹೋಗುತ್ತಿದ್ದರು.

ಬೊರಿವಲಿ ಲೋಕಲ್

ಬೇರೆಯವರಿಗೆ ಹಂಚೋದು ಅಮೆರಿಕದಲ್ಲಿ ಚೆನ್ನ. ಇಲ್ಲಿ 4,000 ಜನ ಉಳಿದಿದ್ದಾರೆ, ಅವರಲ್ಲೇ ವಯಸ್ಸಾದವರು, ಬಡವರು ಇದ್ದಾರೆ. ಮೊದಲು ತಮ್ಮವರನ್ನು ನೋಡಿಕೊಳ್ಳಲಿ. ನಿಮ್ಮ ಕನ್ನಡ ಸಂಘಕ್ಕೂ ಅದೇ ಮಾತು. ನಮ್ಮ ದುಡ್ಡು ನಮ್ಮವರಿಗೆ.

ಮಲ್ಲಿಗೆ ಮೊಗ್ಗು

ನಮ್ಮವರು ಅಂದರೆ ಯಾರು? ಕನ್ನಡದ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಬಿಹಾರದ ಹುಡುಗ ನಮ್ಮವನಾ, ಅಲ್ಲವಾ?

ಬೊರಿವಲಿ ಲೋಕಲ್

ಅವನಿಗೆ ಅವನ ಸಂಘ ಇರುತ್ತೆ.

ಮಲ್ಲಿಗೆ ಮೊಗ್ಗು

ಇರಲ್ಲ. ವಿಚಾರಿಸಿ ನೋಡಿ.

ಪುಸ್ತಕದ ಹುಳ

ಈ ಜಗಳ ಅವರಲ್ಲೂ ಹಳೇದು. ನಿಯಮದ ಪ್ರಕಾರ ಮೊದಲು ಮನೆಯವರು, ಆಮೇಲೆ ನಿನ್ನ ಊರಿನ ಬಡವರು, ಆಮೇಲೆ ಬೇರೆ ಊರಿನವರು. ಇಲ್ಲಿಯ ತನಕ ಲೋಕಲ್ ಗೆದ್ದರು. ಆದರೆ ಅದೇ ತಾಲ್ಮುದ್ ಇನ್ನೊಂದು ಕಡೆ ಹೇಳುತ್ತೆ: ಯಹೂದಿ ಅಲ್ಲದ ಬಡವರಿಗೂ ಯಹೂದಿ ಬಡವರ ಜೊತೆಗೇ ಕೊಡಬೇಕು, ಅವರ ರೋಗಿಗಳನ್ನೂ ನೋಡಿಬರಬೇಕು, ಅವರ ಸತ್ತವರನ್ನೂ ಮಣ್ಣು ಮಾಡಬೇಕು. ಕಾರಣ, ಊರಿನಲ್ಲಿ ನೆಮ್ಮದಿ ಇರಬೇಕು. ಎರಡೂ ಒಟ್ಟಿಗೇ ಇರುವ ನಿಯಮಗಳು.

ಮುಂಬೈನಲ್ಲಿ ಎರಡೂ ನಡೆದಿದೆ. ಬೆನೆ ಇಸ್ರೇಲ್‌ನವರು 1875ರಲ್ಲಿ ತಮ್ಮ ಮಕ್ಕಳಿಗೆ ಅಂತ ಒಂದು ಶಾಲೆ ಶುರು ಮಾಡಿದರು. ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಅದರ ಹಿಂದಿದ್ದ ದೊಡ್ಡ ಹೆಸರು. ಆಮೇಲೆ ಬಾಗ್ದಾದಿ ಮನೆತನದ ಎಲ್ಲಿ ಕಡೂರಿ ದುಡ್ಡು ಕೊಟ್ಟದ್ದರಿಂದ ಸರ್ ಎಲ್ಲಿ ಕಡೂರಿ ಶಾಲೆ ಅಂತ ಆಯಿತು. ಮಜಗಾಂವ್‌ನಲ್ಲಿ ಈಗಲೂ ಇದೆ. ಯಹೂದಿ ಮಕ್ಕಳು ಈಗ ಎಲ್ಲಿದ್ದಾರೆ, ಓದುವವರು ಸುತ್ತಮುತ್ತಲ ಎಲ್ಲ ಜಾತಿ ಧರ್ಮದ ಮಕ್ಕಳು.

ತಲೆಹರಟೆ

ಸಸೂನ್ ಅವರನ್ನು ಇಷ್ಟು ಹೊಗಳುವ ಮುಂಚೆ ಆ ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಹೇಳುತ್ತೀರಾ ಅಂತ ಕಾಯುತ್ತಿದ್ದೆ. ಅಫೀಮು! ಭಾರತದಿಂದ ಚೀನಾಕ್ಕೆ. ಅಲ್ಲಿ ಮನೆ ಮನೆ ಹಾಳು, ಇಲ್ಲಿ ಆಸ್ಪತ್ರೆ.

ಬೊರಿವಲಿ ಲೋಕಲ್

ಆ ಕಾಲದಲ್ಲಿ ಮುಂಬೈನ ಪಾರ್ಸಿ, ಗುಜರಾತಿ ದೊಡ್ಡ ವ್ಯಾಪಾರಿಗಳೂ ಅದರಲ್ಲಿದ್ದರು. ಕಂಪನಿ ಸರಕಾರವೇ ಮುಂದೆ ನಿಂತು ಮಾರಿಸಿತು. ಒಬ್ಬರನ್ನೇ ಹಿಡಿದುಕೊಂಡರೆ ಹೇಗೆ?

ತಲೆಹರಟೆ

ಒಬ್ಬರನ್ನೇ ಹಿಡಿದಿಲ್ಲ. ಎಲ್ಲರನ್ನೂ ಹಿಡಿದಿದ್ದೇನೆ, ಕೈ ಸಾಲುತ್ತಿಲ್ಲ.

ಲೆಕ್ಕಪತ್ರ

ಪುಣೆಯ ಸಸೂನ್ ಆಸ್ಪತ್ರೆ 1867ರಿಂದ ಬಡವರನ್ನು ನೋಡುತ್ತಿದೆ. ಈಗ ಸರಕಾರದ್ದು. ಅಲ್ಲಿ ಬದುಕಿಕೊಂಡವನ ಹತ್ತಿರ ಹೋಗಿ ಅಫೀಮಿನ ದುಡ್ಡು ಅಂತ ಹೇಳಿ ನೋಡಿ. ತಲೆಹರಟೆಯವರ ಪ್ರಶ್ನೆ ಸರಿ ಇದೆ, ಆದರೆ ಅದು ಕೊಟ್ಟವನ ಲೆಕ್ಕ. ತಗೊಂಡವನ ಲೆಕ್ಕಕ್ಕೆ ಅದನ್ನು ಬರೆಯೋದು ಬೇಡ.

ಶಿವಮೊಗ್ಗದ ಮಳೆ

ಇಷ್ಟು ಉದ್ದ ಚರ್ಚೆಯಲ್ಲಿ ನಮ್ಮೂರಿನವರನ್ನು ಯಾರೂ ನೆನೆಯಲಿಲ್ಲ ಅಂತ ಬಂದೆ. ಡಾಕ್ಟರ್ ಜೆರುಶಾ ಝಿರಾಡ್. ಬೆನೆ ಇಸ್ರೇಲ್ ಯಹೂದಿ, ಹುಟ್ಟಿದ್ದು ಶಿವಮೊಗ್ಗದಲ್ಲಿ! ಲಂಡನ್ನಿನಲ್ಲಿ ಹೆರಿಗೆ ಮತ್ತು ಸ್ತ್ರೀರೋಗದಲ್ಲಿ ಎಂ.ಡಿ. ಮಾಡಿ ಬಂದರು. ಸ್ವಲ್ಪ ವರ್ಷ ಬೆಂಗಳೂರಿನಲ್ಲೂ ಕೆಲಸ ಮಾಡಿದ್ದಾರೆ. 1928ರಿಂದ 1947ರ ತನಕ ಮುಂಬೈನ ಕಾಮಾ ಆಸ್ಪತ್ರೆಯ ಮುಖ್ಯಸ್ಥೆ. ಆ ಹುದ್ದೆಗೆ ಬಂದ ಮೊದಲ ಭಾರತೀಯ ಮಹಿಳೆ. 1966ರಲ್ಲಿ ಪದ್ಮಶ್ರೀ.

ನಿಮ್ಮ ವಿಷಯಕ್ಕೆ ಹತ್ತಿರದ್ದು ಹೇಳುತ್ತೇನೆ. ಬೆನೆ ಇಸ್ರೇಲ್ ಹೆಂಗಸರ ಸ್ತ್ರೀ ಮಂಡಳ ಕಟ್ಟುವುದರಲ್ಲಿ ಅವರು ಮುಂದಿದ್ದರು. 1925ರಲ್ಲಿ ಮುಂಬೈನಲ್ಲಿ ಜ್ಯೂಯಿಶ್ ರಿಲಿಜಿಯಸ್ ಯೂನಿಯನ್ ಶುರು ಮಾಡಿದರು. ಹೆಂಗಸರು ಗಂಡಸರ ಜೊತೆ ಕೂತು ಪ್ರಾರ್ಥನೆ ಮಾಡುವಂಥ ಉದಾರ ಪಂಥ. ಅದೂ ಪುಟ್ಟ ಸಭೆಯೇ.

ಮಲ್ಲಿಗೆ ಮೊಗ್ಗು

ಶಿವಮೊಗ್ಗದಲ್ಲಿ ಇವರ ಹೆಸರಿನ ಒಂದು ರಸ್ತೆಯಾದರೂ ಇದೆಯಾ?

ಶಿವಮೊಗ್ಗದ ಮಳೆ

ನನ್ನ ಕಣ್ಣಿಗೆ ಬಿದ್ದಿಲ್ಲ. ಊರಿನಲ್ಲಿ ಹತ್ತು ಜನರನ್ನು ಕೇಳಿದರೆ ಒಬ್ಬರಿಗೂ ಗೊತ್ತಿರಲ್ಲ.

ಕಲಬುರಗಿ ತೊಗರಿ

ಕರ್ನಾಟಕದ ನಂಟು ಅಂದ ಮೇಲೆ ಟಿಪ್ಪು ಬರಲೇಬೇಕು. ಮುಂಬೈನ ಮೊದಲ ಸಿನಗಾಗ್ ಟಿಪ್ಪು ಕಟ್ಟಿಸಿದ್ದು ಅಂತ ಓದಿದ ನೆನಪು.

ಪುಸ್ತಕದ ಹುಳ

ಟಿಪ್ಪು ಕಟ್ಟಿಸಿದ್ದಲ್ಲ, ಮಾರಾಯರೇ. ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್ ಅಂತ ಕಂಪನಿ ಸೈನ್ಯದಲ್ಲಿದ್ದ ಬೆನೆ ಇಸ್ರೇಲ್ ಅಧಿಕಾರಿ. ಮೈಸೂರು ಯುದ್ಧದಲ್ಲಿ ಟಿಪ್ಪು ಕಡೆಯವರಿಗೆ ಸೆರೆ ಸಿಕ್ಕ. ಸಮುದಾಯದಲ್ಲಿ ಹೇಳುವ ಕತೆ ಹೀಗೆ: ನೀವು ಯಾರು ಅಂತ ಕೇಳಿದಾಗ ಬನಿ ಇಸ್ರಾಯೀಲ್ ಅಂದರು. ಆ ಹೆಸರು ಕುರಾನಿನಲ್ಲಿದೆ, ಇವರನ್ನು ಕೊಲ್ಲಬೇಡ ಅಂತ ಟಿಪ್ಪುವಿನ ತಾಯಿ ಹೇಳಿದಳು. ಕತೆ ಎಷ್ಟು ನಿಜವೋ, ದಿವೇಕರ್ ಬಿಡುಗಡೆಯಾಗಿ ಬಂದದ್ದಂತೂ ನಿಜ. ಬದುಕಿ ಬಂದರೆ ಕಟ್ಟಿಸುತ್ತೇನೆ ಅಂತ ಹೊತ್ತ ಹರಕೆ ತೀರಿಸಲು 1796ರಲ್ಲಿ ಮುಂಬೈನಲ್ಲಿ ಕಟ್ಟಿಸಿದ. ಆ ಬೀದಿಗೆ ಈಗಲೂ ಸ್ಯಾಮ್ಯುಯೆಲ್ ಸ್ಟ್ರೀಟ್ ಅಂತಲೇ ಹೆಸರು. ಸಿನಗಾಗ್ ಹೆಸರು ಶಾರ್ ಹರಹಮೀಮ್, ಕರುಣೆಯ ಬಾಗಿಲು.

ತಲೆಹರಟೆ

ಟಿಪ್ಪು ಬಂದ. ಇನ್ನು ಚರ್ಚೆ ಮುಚ್ಚೋದು ಒಳ್ಳೇದು, ಮುಂದಕ್ಕೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು.

ಎಡಿಸನ್ ಅಕ್ಕ

ಮುಚ್ಚಬೇಡಿ. ನನಗೆ ಮುಖ್ಯ ಅನ್ನಿಸಿದ್ದನ್ನು ಇನ್ನೂ ಹೇಳಿಲ್ಲ. ಸಣ್ಣ ಸಭೆಯ ದೊಡ್ಡ ಸೇವೆ ದುಡ್ಡಿನದಲ್ಲ, ಸಾವಿನದು.

ನಮ್ಮ ನೆರೆಮನೆ ಯಜಮಾನರು ಹೋದ ವರ್ಷ ತೀರಿಕೊಂಡರು. ಸಂಜೆ ಸಿನಗಾಗಿನ ಹೆವ್ರಾ ಕದ್ದೀಶಾ ಅಂತ ತಂಡ ಹೋಯಿತು. ಯಾರಿಗೂ ಸಂಬಳ ಇಲ್ಲ. ಒಬ್ಬರು ದಂತವೈದ್ಯರು, ಒಬ್ಬರು ಬಸ್ ಓಡಿಸುವವರು. ಗಂಡಸಿಗೆ ಗಂಡಸರು, ಹೆಂಗಸಿಗೆ ಹೆಂಗಸರು ಸ್ನಾನ ಮಾಡಿಸುತ್ತಾರೆ. ಆ ಹೊತ್ತಿನಲ್ಲಿ ಬೇಕಾದ್ದಷ್ಟೇ ಮಾತು. ಮುಗಿದ ಮೇಲೆ ಸತ್ತವರ ಹತ್ತಿರ ಕ್ಷಮೆ ಕೇಳುತ್ತಾರೆ, ಗೊತ್ತಿಲ್ಲದೆ ಅಗೌರವ ಆಗಿದ್ದರೆ ಅಂತ. ಆಮೇಲೆ ಬಿಳೀ ಬಟ್ಟೆ. ಜೇಬು ಇಲ್ಲ. ಕೋಟ್ಯಧೀಶನಿಗೂ ಅದೇ, ಭಿಕ್ಷುಕನಿಗೂ ಅದೇ.

ಆಮೇಲೆ ಏಳು ದಿನ ಆ ಮನೆಯಲ್ಲಿ ಒಲೆಯ ಚಿಂತೆ ಇಲ್ಲ. ಸಮಾಧಿಯಿಂದ ಬಂದ ಮೇಲಿನ ಮೊದಲ ಊಟ ಮನೆಯವರದ್ದು ಆಗಬಾರದು, ನೆರೆಯವರೇ ತರಬೇಕು. ಬೇಯಿಸಿದ ಮೊಟ್ಟೆ, ಬೇಳೆ. ನಾನು ತೊಗರಿಬೇಳೆ ತೊವ್ವೆ ಮಾಡಿ, ಅವರ ಆಹಾರ ನಿಯಮಕ್ಕೆ ತೊಂದರೆ ಆಗುತ್ತೋ ಏನೋ ಅಂತ ಬಾಗಿಲಲ್ಲೇ ಕೇಳಿದೆ. ಮಗಳು ಪಾತ್ರೆ ಇಸಿದುಕೊಂಡು ತನಗೆ ಅಂತ ಒಳಗಿಟ್ಟುಕೊಂಡಳು.

ಪುಸ್ತಕದ ಹುಳ

ಆ ಬಿಳೀ ಬಟ್ಟೆಗೆ ಕಾರಣ ಇದೆ. ಹಿಂದೆ ಶವಕ್ಕೆ ದುಬಾರಿ ಬಟ್ಟೆ ಹಾಕುವ ಪೈಪೋಟಿ ಇತ್ತು. ಸಾವಿಗಿಂತ ಖರ್ಚೇ ಭಾರವಾಗಿ ಕೆಲವರು ಹೆಣ ಬಿಟ್ಟು ಓಡಿಹೋಗುತ್ತಿದ್ದರಂತೆ. ರಬ್ಬಾನ್ ಗಮ್ಲಿಯೇಲ್ ಅನ್ನುವ ದೊಡ್ಡ ಗುರು ತನ್ನನ್ನು ಸಾದಾ ನಾರಿನ ಬಟ್ಟೆಯಲ್ಲಿ ಹೂಳಿ ಅಂತ ಹೇಳಿಟ್ಟ. ಆಮೇಲೆ ಎಲ್ಲರಿಗೂ ಅದೇ ರೂಢಿ. ಸೂತಕದ ಮನೆಗೆ ಊಟ ಒಯ್ಯೋದರಲ್ಲೂ ಹೀಗೇ. ಶ್ರೀಮಂತರ ಮನೆಗೆ ಬೆಳ್ಳಿ ಬಂಗಾರದ ಬುಟ್ಟಿ, ಬಡವರ ಮನೆಗೆ ಬಿದಿರಿನಂಥ ಕಡ್ಡಿ ಬುಟ್ಟಿ ಹೋಗುತ್ತಿತ್ತು. ಬಡವರಿಗೆ ಅವಮಾನ ಆಯಿತು. ಇನ್ನು ಎಲ್ಲರ ಮನೆಗೂ ಕಡ್ಡಿ ಬುಟ್ಟಿಯೇ ಅಂತ ಮಾಡಿದರು.

ಸುಮ್ನೆ ಓದೋನು

ನಮ್ಮ ಕಡೆ ತಿಥಿ ಊಟಕ್ಕೆ ಸಾಲ ಮಾಡುವವರಿಗೆ ಯಾರಾದರೂ ಇದನ್ನು ಓದಿ ಹೇಳಿ.

ಚಾಮರಾಜಪೇಟೆ

ಬೆಂಗಳೂರಿನಲ್ಲೂ ಯಹೂದಿ ಸ್ಮಶಾನ ಇದೆ, ಮೈಸೂರು ರಸ್ತೆಯಲ್ಲಿ. 1904ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಸಿಕ್ಕ ಜಾಗ. ಎತ್ತರದ ಗೋಡೆ, ಹೊರಗೆ ಆಟೊ, ಗ್ಯಾರೇಜು ಗಲಾಟೆ. ಊರಿನಲ್ಲಿ ಸಿನಗಾಗ್ ಇಲ್ಲ, ಸ್ಮಶಾನ ಮಾತ್ರ ಇದೆ. ಕಮರ್ಷಿಯಲ್ ಸ್ಟ್ರೀಟಿನ ರೂಬಿನ್ ಮೋಸೆಸ್ ಚಪ್ಪಲಿ ಅಂಗಡಿ ನಮ್ಮ ತಾತನ ಕಾಲದವರಿಗೆ ಗೊತ್ತು. ಅವರೂ ಯಹೂದಿಗಳೇ.

ಹೌರಾ ಬ್ರಿಜ್

ನಾನು ಕೋಲ್ಕತ್ತಾದಲ್ಲಿರುವ ಕನ್ನಡಿಗ. ನಿಮ್ಮ ಚರ್ಚೆಯ ಮುಂದಿನ ಅಧ್ಯಾಯ ನನ್ನ ಕಣ್ಣ ಮುಂದೆ ನಡೆಯುತ್ತಿದೆ. ಮುಂಬೈ, ಥಾಣೆ ಕಡೆ ಸಾವಿರಾರು ಯಹೂದಿಗಳು ಇದ್ದಾರೆ. ಇಲ್ಲಿ ಒಂದು ಕಾಲಕ್ಕೆ ಸಾವಿರಾರು ಇದ್ದವರು ಈಗ ಬೆರಳೆಣಿಕೆ. ಮೂರು ದೊಡ್ಡ ಸಿನಗಾಗ್ ಇವೆ, ಹತ್ತು ಜನ ಸೇರೋದು ಕಷ್ಟ. ಅದರಲ್ಲಿ ಮಾಗೆನ್ ಡೇವಿಡ್, 1884ರದ್ದು, ಒಳಗೆ ಹೋದರೆ ಕಂಬ, ಬಣ್ಣದ ಗಾಜು, ಕಪ್ಪು ಬಿಳುಪು ನೆಲ, ಎಲ್ಲ ಫಳಫಳ. ಗುಡಿಸಿ ಒರೆಸಿ ಬೀಗ ಹಾಕುವವರು ಒಡಿಶಾ ಮೂಲದ ಮುಸ್ಲಿಮರು. ತಲೆಮಾರಿನಿಂದ ತಲೆಮಾರಿಗೆ ಅದೇ ಕೆಲಸ. ನಾನು ಹೋದಾಗ ತಲೆಗೆ ಟೋಪಿ ಹಾಕಿಕೊಳ್ಳಿ ಅಂತ ಕೊಟ್ಟವರು ಅವರೇ.

1881ರಲ್ಲಿ ಯಹೂದಿ ಹೆಣ್ಣುಮಕ್ಕಳಿಗೆ ಅಂತ ಶುರುವಾದ ಜ್ಯೂಯಿಶ್ ಗರ್ಲ್ಸ್ ಸ್ಕೂಲ್ ಇಲ್ಲೇ ಇದೆ. ಓದುವವರಲ್ಲಿ ಬಹುಪಾಲು ಮುಸ್ಲಿಂ ಹುಡುಗಿಯರು. ಸಮವಸ್ತ್ರದ ಮೇಲೆ ಆರು ಮೂಲೆಯ ನಕ್ಷತ್ರ. ಮೆಡಿಕಲ್ ಕಾಲೇಜಿನ ಆವರಣದಲ್ಲಿ ಎಜ್ರಾ ಆಸ್ಪತ್ರೆ ಅಂತ ಕಟ್ಟಡ ಇದೆ, ಅದೂ ಇವರದೇ ದಾನ.

ಬೊರಿವಲಿ ಲೋಕಲ್

ನೋಡಿ, ಇದನ್ನೇ ನಾನು ಹೇಳಿದ್ದು. ತಮ್ಮವರು ಅಂತ ಒಬ್ಬರೂ ಇಲ್ಲದ ಮೇಲೆ ಆ ಟ್ರಸ್ಟು ಯಾರಿಗೆ?

ಹೌರಾ ಬ್ರಿಜ್

ಫೀಸು ಕಟ್ಟಿ ಓದುವ ಆ ಹುಡುಗಿಯರಿಗೆ. ಶಾಲೆ ನಡೆಯುತ್ತಿದೆಯಲ್ಲ, ಇನ್ನೇನು ಬೇಕು?

ಬೊರಿವಲಿ ಲೋಕಲ್

ಆಸ್ತಿ ಮೇಲೆ ಕಣ್ಣು ಹಾಕುವವರು ಬೇಕಾದಷ್ಟು ಜನ ಇರುತ್ತಾರೆ. ನಡು ಊರಿನ ಜಾಗ.

ಲೆಕ್ಕಪತ್ರ

ಇದರಲ್ಲಿ ಲೋಕಲ್ ಮಾತು ಸರಿ. ಥಾಣೆಕರ್, ಗಮನ ಇಟ್ಟು ಕೇಳಿ. ನಿಮ್ಮದು ಸಣ್ಣ ಸಂಘ. ಮಕ್ಕಳೆಲ್ಲ ಬೆಂಗಳೂರು, ಪುಣೆ, ಅಮೆರಿಕ ಅಂತ ಹೋಗುತ್ತಾರೆ. ಮುಂದೆ ಸದಸ್ಯರು ಐದೇ ಜನ ಉಳಿದರೆ ನಿಧಿ ಯಾರ ಕೈಗೆ? ಟ್ರಸ್ಟಿನ ಡೀಡಿನಲ್ಲಿ, ಅಂದರೆ ಅದರ ನಿಯಮ ಪತ್ರದಲ್ಲಿ, ಈಗಲೇ ಬರೆಸಿ: ಸಂಘ ಮುಚ್ಚಿದರೆ ಉಳಿದ ದುಡ್ಡು ಇದೇ ಉದ್ದೇಶದ ಇನ್ನೊಂದು ಟ್ರಸ್ಟಿಗೆ ಹೋಗಬೇಕು, ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ. ಫಲಾನುಭವಿ ಅಂತ ಬರೆಯುವಾಗ 'ಕನ್ನಡಿಗರಿಗೆ ಮಾತ್ರ' ಅಂತ ಬಿಗಿ ಮಾಡಬೇಡಿ. 'ಮೊದಲ ಆದ್ಯತೆ' ಅಂತ ಹಾಕಿ. ಆಮೇಲೆ ಬದಲಾಯಿಸಲು ಹೋದರೆ ಚಪ್ಪಲಿ ಸವೆಯುತ್ತೆ.

ಥಾಣೆಕರ್

ಭಾನುವಾರ ಸಭೆ ಇದೆ. ಇಬ್ಬರು ಎತ್ತೋದು, ಮೂವರು ಹಂಚೋದು, ಫೋಟೊ ಇಲ್ಲ, ಒಟ್ಟು ಮೊತ್ತ ಮಾತ್ರ ಓದೋದು, ಇಷ್ಟು ನಿರ್ಣಯ ಬರೆದಿದ್ದೇನೆ. ಊಟ, ಔಷಧಿಗೆ ಅರ್ಜಿ ಬೇಡ ಅಂತಲೂ ಸೇರಿಸಿದೆ. ಮೂವರಲ್ಲಿ ಒಬ್ಬರಾದರೂ ಹೆಂಗಸರು ಇರಬೇಕು ಅಂತ ಹೆಂಡತಿ ಹೇಳಿದಳು, ಅದನ್ನೂ ಬರೆದೆ. 'ಮೊದಲ ಆದ್ಯತೆ' ವಿಷಯಕ್ಕೆ ಜಗಳ ಗ್ಯಾರಂಟಿ.

ಮಲ್ಲಿಗೆ ಮೊಗ್ಗು

ಒಬ್ಬರಲ್ಲ, ಇಬ್ಬರು ಹಾಕಿ. ಒಬ್ಬರಿದ್ದರೆ ಅವರ ಕೈಲಿ ಚಹಾ ಮಾಡಿಸುತ್ತೀರಿ.

ಲೆಕ್ಕಪತ್ರ

ಡೀಡಿನ ಮರಾಠಿ ನಮೂನೆ ನನ್ನ ಹತ್ತಿರ ಇದೆ. ಹೆಸರು, ವಿಳಾಸ ತೆಗೆದು ನಾಳೆ ಇಲ್ಲೇ ಹಾಕುತ್ತೇನೆ. ಕನ್ನಡಕ್ಕೆ ಯಾರಾದರೂ ತಿರುಗಿಸಿಕೊಳ್ಳಿ.

ತಲೆಹರಟೆ

ತಿರುಗಿಸಿದವರ ಹೆಸರು ಹಾಕಬೇಕಾ, ಗುಪ್ತದಾನವಾ?